ಗುಜರಿ ಸಾಮಾನು, ಕೀ ಕೊಡೋ ವಾಚು: ಒಂದು ಉಪನ್ಯಾಸದ ಬರಹ ರೂಪ

ಹಳೇ ಕಾಲದ ವಾಚ್ ಥರ ಒಂದು ವಾಚ್ ಡಿಸೈನ್ ಮಾಡ್ಬೇಕು ಅಂತ ಹೊರಟವರಲ್ಲಿ ಬಹುಪಾಲು ಜನ ಮೊದಲು ಬರೆಯೋದು ಡಯಲ್ ಚಿತ್ರ. ಇನ್‌ಸ್ಟಾಗ್ರಾಂನಲ್ಲಿ ಕಂಡ ಯಾವುದೋ 1940ರ ವಾಚು, ಉದ್ದುದ್ದ ಮುಳ್ಳು, ಕೆನೆ ಬಣ್ಣ, ಚಿಕ್ಕ ಚಿಕ್ಕ ಅಂಕಿ. ಚಿತ್ರ ಚೆನ್ನಾಗೇ ಇರುತ್ತೆ. ಆಮೇಲೆ ಅದಕ್ಕೆ ಮಿಷನ್, ಅಂದ್ರೆ ವಾಚನ್ನ ಓಡಿಸೋ ಒಳಗಿನ ಯಂತ್ರ, ಹುಡುಕ್ತಾರೆ, ಯಾವುದೂ ಕೂರಲ್ಲ, ಕೂತರೂ ಮುಳ್ಳು ಗ್ಲಾಸಿಗೆ ತಾಗುತ್ತೆ, ಕೊನೆಗೆ ಚೈನಾದಿಂದ ಒಂದು ರೆಡಿಮೇಡ್ ಕೇಸ್, ಅಂದ್ರೆ ಹೊರಗಿನ ಕವಚ, ತರಿಸಿ ಅದರೊಳಗೆ ತುರುಕಿ ಸುಮ್ಮನಾಗ್ತಾರೆ. ಹೊಸ ಸಾಮಾನಿನಲ್ಲಿ ಮಾಡೋರಿಗೆ ಈ ದಾರಿ ಹೇಗೋ ನಡೆದುಹೋಗುತ್ತೆ, ಯಾಕಂದ್ರೆ ಬೇಕಾದ ಅಳತೆಗೆ ಬೇಕಾದ್ದು ಆರ್ಡರ್ ಮಾಡಬಹುದು. ಹಳೇ ಸಾಮಾನಿನಲ್ಲಿ ಮಾಡೋರಿಗೆ ನಡೆಯಲ್ಲ. ಕೈಗೆ ಏನು ಸಿಕ್ಕಿದೆಯೋ ಅದೇ ಅಳತೆ, ಅದಕ್ಕೆ ಚಿತ್ರ ಬಗ್ಗಬೇಕು. ಅದಕ್ಕೇ ನಾನು ಇವತ್ತು ಒಳಗಿನಿಂದ ಹೊರಗೆ ಬರ್ತೀನಿ, ಮೊದಲು ಮಿಷನ್, ಆಮೇಲೆ ಕೇಸ್, ಆಮೇಲೆ ಡಯಲ್ಲು.

ಮಿಷನ್ ವಿಷಯಕ್ಕೆ ಬಂದ್ರೆ ಬೆಂಗಳೂರಿನಲ್ಲಿ ಕೂತವರಿಗೆ ಯೋಚನೆ ಮಾಡೋಕೆ ಹೆಚ್ಚೇನಿಲ್ಲ, ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಇಲ್ಲಿ ಶುರುವಾಗಿದ್ದು. ಜನತಾ, ಪೈಲಟ್, ಕೊಹಿನೂರ್, ಸೋನಾ, ಜವಾನ್, ಹೆಸರುಗಳು ನಿಮಗೇ ಗೊತ್ತು. ಇದರಲ್ಲಿ ಜನತಾದಂಥ ಕೀ ಕೊಡೋ ಮಾಡೆಲ್‌ಗಳ ಒಳಗೆ ಸಿಟಿಜನ್ ಮೂಲದ 020 ಅನ್ನೋ ಕುಟುಂಬದ ಮಿಷನ್, 17 ಜ್ಯುವೆಲ್, ಅಂದ್ರೆ ಚಕ್ರಗಳು ಸವೆಯದ ಹಾಗೆ ಕೂರಿಸಿದ ಪುಟ್ಟ ಕಲ್ಲುಗಳು, ಗಂಟೆಗೆ 18,000 ಬೀಟ್, ಅಂದ್ರೆ ಸೆಕೆಂಡಿಗೆ ಐದು ಸಲ ಟಿಕ್. 2016ರಲ್ಲಿ ಕೇಂದ್ರ ಸರ್ಕಾರ ವಾಚ್ ಕಂಪನಿ ಮುಚ್ಚೋ ತೀರ್ಮಾನ ಮಾಡ್ತು, ತುಮಕೂರಿನ ಫ್ಯಾಕ್ಟರಿ ಜಾಗ ಇಸ್ರೋಗೆ ಹೋಯ್ತು, ಜಾಲಹಳ್ಳಿಯಲ್ಲಿ ಈಗ ಮ್ಯೂಸಿಯಂ ಇದೆ, ಹೋಗಿಲ್ಲ ಅಂದ್ರೆ ಒಂದು ಭಾನುವಾರ ಹೋಗಿಬನ್ನಿ. ಕೋಟ್ಯಂತರ ವಾಚ್ ಮಾಡಿದ ಕಂಪನಿ ಅದು. ಕಂಪನಿ ಹೋದ್ರೂ ಆ ವಾಚುಗಳು ಎಲ್ಲೂ ಹೋಗಿಲ್ಲ, ಬೀರುವಿನ ಒಳಗಿನ ಡ್ರಾಯರಲ್ಲಿ, ವಾಚ್ ರಿಪೇರಿಯವರ ಬಿಸ್ಕತ್ ಡಬ್ಬದಲ್ಲಿ, ಭಾನುವಾರದ ಸಂತೆಯಲ್ಲಿ ಪ್ಲಾಸ್ಟಿಕ್ ಶೀಟ್ ಮೇಲೆ ಬಿದ್ದಿವೆ. ಸ್ಪೇರ್ ಸಿಗುತ್ತೆ, ಕೈ ಪಳಗಿದ ರಿಪೇರಿಯವರು ಇನ್ನೂ ಇದ್ದಾರೆ. ಸ್ವಿಸ್ ಹಳೇ ಮಿಷನ್ ತಗೊಂಡ್ರೆ ಒಂದು ಸ್ಕ್ರೂ ಹೋದ್ರೆ ಇಬೇಯಲ್ಲಿ ಕಾಯ್ತಾ ಕೂರಬೇಕು.

ಕೊಳ್ಳೋವಾಗ ಏನು ನೋಡ್ಬೇಕು? ಹೊರಗಿನ ಹೊಳಪು ನೋಡ್ಲೇಬೇಡಿ, ನಮಗೆ ಕೇಸ್ ಬೇಕಾಗಿಲ್ಲ. ಹಿಂದಿನ ಮುಚ್ಚಳ ತೆಗೆಸಿ. ಸ್ಕ್ರೂ ತಲೆಗಳು ಕಿತ್ತುಹೋಗಿದ್ರೆ ಯಾರೋ ಕೈಗೆ ಸಿಕ್ಕಿದ ಸ್ಕ್ರೂಡ್ರೈವರ್ ಹಾಕಿ ಬಿಚ್ಚಿದ್ದಾರೆ ಅಂತ ಅರ್ಥ, ಒಳಗೂ ಅದೇ ಕಥೆ ಇರುತ್ತೆ. ಕೀ ಕೊಡೋ ಕಡ್ಡಿ ಒಳಗೆ ಹೋಗೋ ಜಾಗದಲ್ಲಿ ಕೆಂಪಗೆ ತುಕ್ಕು ಇದೆಯಾ ನೋಡಿ, ಬೆವರು ಮೊದಲು ಅಲ್ಲಿಂದಲೇ ಇಳಿಯೋದು. ಸ್ವಲ್ಪ ಕೀ ಕೊಟ್ಟು ಬ್ಯಾಲೆನ್ಸ್ ಚಕ್ರ, ಅಂದ್ರೆ ಆ ಕಡೆ ಈ ಕಡೆ ತೂಗ್ತಾ ಟೈಮ್ ಅಳೆಯೋ ಚಕ್ರ, ಧಾರಾಳವಾಗಿ ಆಡ್ತಿದೆಯಾ, ಇಲ್ಲ ನಡುಗಿದ ಹಾಗೆ ಅಲ್ಲಲ್ಲೇ ತೂಗ್ತಿದೆಯಾ ನೋಡಿ. ನಿಂತಿರೋ ವಾಚ್ ಬೇಡ ಅಂತಲ್ಲ, ನಿಂತಿರೋದೇ ಅಗ್ಗ, ಮೂರು ಕೆಟ್ಟಿರೋದು ಸೇರಿಸಿ ಒಂದು ನಡೆಯೋದು ಮಾಡೋದೇ ಈ ಆಟ. ಒಂದು ಎಚ್ಚರಿಕೆ, ಬ್ಯಾಲೆನ್ಸ್ ಚಕ್ರ, ಅದನ್ನ ತೂಗಿಸೋ ಕೂದಲಿನಂಥ ಸುರುಳಿ ಹೇರ್‌ಸ್ಪ್ರಿಂಗ್, ಎರಡನ್ನೂ ಜೋಡಿಯಾಗೇ ಎತ್ತಿ, ಜೋಡಿಯಾಗೇ ಕೂರಿಸಿ. ಆ ಚಕ್ರಕ್ಕೆ ಆ ಸ್ಪ್ರಿಂಗ್ ಹೊಂದಿಸಿರ್ತಾರೆ, ಒಂದರದ್ದು ಇನ್ನೊಂದಕ್ಕೆ ಹಾಕಿದ್ರೆ ವಾಚ್ ನಡೆಯುತ್ತೆ, ಟೈಮ್ ಮಾತ್ರ ದೇವರಿಗೇ ಪ್ರೀತಿ.

ಸರ್ವಿಸ್ ಆದ್ಮೇಲೆ ಟೈಮ್‌ಗ್ರಾಫರ್, ಅಂದ್ರೆ ಟಿಕ್ ಸದ್ದು ಕೇಳಿ ವಾಚಿನ ನಡೆ ಅಳೆಯೋ ಯಂತ್ರ, ಅದರ ಮೇಲೆ ಇಡಿ. ಮೊಬೈಲ್ ಆ್ಯಪ್ ಇವೆ, ದಿನಕ್ಕೆ ಎಷ್ಟು ಸೆಕೆಂಡ್ ಹೆಚ್ಚು ಕಡಿಮೆ ಅನ್ನೋದಕ್ಕೆ ಅವು ಸಾಕು, ಆದ್ರೆ ಬ್ಯಾಲೆನ್ಸ್ ಎಷ್ಟು ಡಿಗ್ರಿ ತಿರುಗ್ತಿದೆ ಅನ್ನೋದಕ್ಕೆ ಮಿಷನ್ನಿಗೆ ತಕ್ಕ ಲಿಫ್ಟ್ ಆಂಗಲ್, ಅಂದ್ರೆ ಒಂದು ಟಿಕ್ಕಿನ ತಳ್ಳುವಿಕೆ ನಡೆಯೋವಾಗ ಬ್ಯಾಲೆನ್ಸ್ ತಿರುಗೋ ಕೋನ, ಹಾಕದೇ ಇದ್ರೆ ಬರೋ ನಂಬರ್ ಸುಳ್ಳು. ಪೂರ್ತಿ ಕೀ ಕೊಟ್ಟು ಮಲಗಿಸಿ ಇಟ್ಟಾಗ 270 ಡಿಗ್ರಿ ಆಸುಪಾಸು ಬಂದ್ರೆ ಹಬ್ಬ, ಹಳೇ ಮಿಷನ್ 250 ಕೊಟ್ರೂ ನಾನು ಖುಷಿಪಡ್ತೀನಿ, 200ಕ್ಕಿಂತ ಕೆಳಗೆ ಇಳಿದ್ರೆ ಅದನ್ನ ಕೇಸಿಗೆ ಹಾಕೋ ಆತುರ ಬೇಡ.

ಈಗ ಮುಖ್ಯವಾದ ಮಾತು. ಹಳೇ ಸಾಮಾನಿನ ವಾಚು ಅಂದ್ರೆ ಎಲ್ಲವೂ ಹಳೇದು ಇರ್ಬೇಕು ಅನ್ನೋ ಹಠ ಕೆಲವರಿಗೆ ಬಂದ್ಬಿಡುತ್ತೆ. ನಾನು ಅದನ್ನ ಒಪ್ಪಲ್ಲ. ಮೇನ್‌ಸ್ಪ್ರಿಂಗ್, ಅಂದ್ರೆ ಕೀ ಕೊಟ್ಟಾಗ ಸುತ್ತಿಕೊಂಡು ವಾಚ್ ಓಡಿಸೋ ಸ್ಪ್ರಿಂಗ್, ಹೊಸದು ಹಾಕಿ, ಹಳೇ ಕಾರ್ಬನ್ ಸ್ಟೀಲ್ ಸ್ಪ್ರಿಂಗ್ ವರ್ಷಾನುಗಟ್ಟಲೆ ಸುತ್ತಿಕೊಂಡೇ ಇದ್ದು ಬಲ ಕಳ್ಕೊಂಡಿರುತ್ತೆ, ಮುರಿದ್ರೆ ಹಲ್ಲುಗಳನ್ನೂ ಕರ್ಕೊಂಡು ಹೋಗುತ್ತೆ. ಎಣ್ಣೆ ಹೊಸದು, ಜೋರಾಗಿ ಓಡೋ ಚಕ್ರಗಳಿಗೆ ಮೋಬಿಯಸ್ 9010 ಥರದ ತೆಳು ಎಣ್ಣೆ, ಚಕ್ರವನ್ನ ಒಂದೊಂದೇ ಹಲ್ಲು ತಡೆದು ಬಿಡೋ ಪ್ಯಾಲೆಟ್ ಕಲ್ಲಿಗೆ 9415, ಹೊಲಿಗೆ ಮಿಷನ್ ಎಣ್ಣೆ ಬಿಡಬೇಡಿ ದಯವಿಟ್ಟು. ನೀರು ತಡೆಯೋ ರಬ್ಬರ್ ರಿಂಗು ಹೊಸದು, ಗ್ಲಾಸ್ ಹೊಸದು. ಸವೆಯೋ ಜಾಗ, ನೀರು ತಡೆಯೋ ಜಾಗ, ಬಲ ಹೊರೋ ಜಾಗ, ಈ ಕಡೆಯೆಲ್ಲ ಹೊಸದು. ಕಣ್ಣಿಗೆ ಕಾಣೋ ಜಾಗ, ಕೈಗೆ ಸಿಗೋ ಜಾಗ, ಆಕಾರ ಕೊಡೋ ಜಾಗ, ಅಲ್ಲಿ ಹಳೇದು. ನನಗೆ ಈ ಗೆರೆ ತುಂಬಾ ಸ್ಪಷ್ಟ.

ಕೇಸಿಗೆ ಬರೋಣ. ಎಚ್‌ಎಂಟಿಯ ಹಳೇ ಕೇಸ್‌ನೇ ಉಳಿಸ್ಕೊಂಡ್ರೆ ಆಗಲ್ವಾ ಅಂತ ಕೇಳ್ತೀರಿ. ಅವು ಬಹಳಷ್ಟು ಕ್ರೋಮ್ ಹೊದಿಸಿದ ಹಿತ್ತಾಳೆ, ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಬೆಲ್ಟ್ ಕಟ್ಟೋ ಕೊಂಬಿನ ಒಳಮೈ ನೋಡಿ, ಕ್ರೋಮ್ ಎದ್ದು, ಒಳಗೆ ಹಸಿರು ಕಿಲುಬು ಹಿಡಿದು, ಗುಳಿ ಬಿದ್ದಿರುತ್ತೆ. ಪಾಲಿಶ್ ಮಾಡಿದ್ರೆ ಗುಳಿ ಹೋಗಲ್ಲ, ಆಕಾರ ಹೋಗುತ್ತೆ. ಹಾಗಾಗಿ ಕೇಸ್ ನಾವೇ ಮಾಡ್ಬೇಕು.

ಗುಜರಿ ಅಂಗಡಿಗೆ ಹೋದ್ರೆ ಹಿತ್ತಾಳೆ ರಾಶಿ ಇದೆ, ಆದ್ರೆ ಚೊಂಬು, ಹಂಡೆ, ಪಂಪ್ ಸ್ಟೌ ಟ್ಯಾಂಕು ಎಲ್ಲ ತಗಡು, ಕೇಸಿಗೆ ಗಟ್ಟಿ ದಿಮ್ಮಿ ಬೇಕು. ಹಳೇ ನಲ್ಲಿ, ವಾಲ್ವ್ ದಪ್ಪ ಇರುತ್ತೆ, ಆದ್ರೆ ಅಚ್ಚಿಗೆ ಹೊಯ್ದಿದ್ದು, ಲೇತ್ ಮೇಲೆ ತೆಳ್ಳಗೆ ಮಾಡ್ತಾ ಹೋದ ಹಾಗೆ ಒಳಗಿನ ಗಾಳಿಗುಳ್ಳೆ ಸೂಜಿಮೊನೆಯಷ್ಟು ತೂತಾಗಿ ಹೊರಗೆ ಬರುತ್ತೆ. ನೀರಿಗೆ ಅಷ್ಟು ಸಾಕು. ಸ್ಟೀಲ್ ಬೇಕು ಅಂದ್ರೆ ಪಂಪ್ ಶಾಫ್ಟ್ ಸಿಗುತ್ತೆ, ನಮ್ಮ ಕಡೆ ಬೋರ್‌ವೆಲ್‌ಗೆ ಬರವಿಲ್ಲ, ನೀರಿಗೆ ಮಾತ್ರ ಬರ. ಶಾಫ್ಟ್ ಕೊಳ್ಳೋಕೆ ಹೋಗೋವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಕೊಳ್ಳಿ. ಸಬ್‌ಮರ್ಸಿಬಲ್ ಶಾಫ್ಟ್ ಎಷ್ಟೋ ಸಲ 410 ಗ್ರೇಡ್ ಸ್ಟೀಲು, ಅಯಸ್ಕಾಂತ ಟಕ್ ಅಂತ ಹಿಡಿಯುತ್ತೆ. ಅದು ಬೆವರಿಗೆ ಬೇಗ ತುಕ್ಕು ಹಿಡಿಯುತ್ತೆ, ಅದಕ್ಕಿಂತ ಕೆಟ್ಟದ್ದು, ಕೇಸೇ ಅಯಸ್ಕಾಂತ ಆಗಿ ಕೂತ್ರೆ ಹೇರ್‌ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಅಂಟ್ಕೊಂಡು ವಾಚ್ ಹುಚ್ಚು ಹಿಡಿದ ಹಾಗೆ ಮುಂದೆ ಓಡುತ್ತೆ. 304, 316 ಗ್ರೇಡ್ ಸ್ಟೀಲನ್ನ ಅಯಸ್ಕಾಂತ ಹಿಡಿಯಲ್ಲ. 304ನ್ನ ಎಳೆದು ಬಗ್ಗಿಸಿದ ಕಡೆ ಸ್ವಲ್ಪ ಹಿಡಿದ ಹಾಗೆ ಆಗುತ್ತೆ, ಅದಕ್ಕೆ ಹೆದರಬೇಡಿ. 316ರಲ್ಲಿ ಮಾಲಿಬ್ಡಿನಮ್ ಇರೋದ್ರಿಂದ ಉಪ್ಪಿಗೆ, ಬೆವರಿಗೆ ಚೆನ್ನಾಗಿ ತಡೆಯುತ್ತೆ, ವಾಚ್ ಕಂಪನಿಗಳು ಬಳಸೋದೂ ಇದರದೇ ಕಡಿಮೆ ಕಾರ್ಬನ್ ಇರೋ 316ಎಲ್. ಆದ್ರೆ ಸಣ್ಣ ಲೇತಲ್ಲಿ ಸ್ಟೀಲ್ ಕೆತ್ತೋದು ಅಂದ್ರೆ ಟೂಲ್ ಖರ್ಚು, ತಾಳ್ಮೆ ಖರ್ಚು, ಪೀಣ್ಯದಲ್ಲಿ ಜಾಬ್‌ವರ್ಕ್ ಕೊಡೋಣ ಅಂದ್ರೆ ಒಂದು ಪೀಸಿಗೆ ಯಾರೂ ಸೊಪ್ಪು ಹಾಕಲ್ಲ, ಐವತ್ತು ಮಾಡ್ಸಿ ಸರ್ ಅಂತಾರೆ.

ನನಗೆ ಇಷ್ಟವಾಗಿದ್ದು ಗನ್‌ಮೆಟಲ್ ಬುಷ್. ಮೋಟಾರ್ ರಿವೈಂಡಿಂಗ್ ಅಂಗಡಿ ಮುಂದೆ ಬಕೆಟ್ಟಲ್ಲಿ ಬಿದ್ದಿರುತ್ತಲ್ಲ, ಶಾಫ್ಟ್ ಸುತ್ತ ಕೂರೋ ಬಳೆ ಥರದ್ದು, ಒಳಗೆ ಸವೆದಿದೆ ಅಂತ ತೆಗೆದು ಎಸೆದಿರೋದು. ತಾಮ್ರ, ತವರ, ಸ್ವಲ್ಪ ಸತುವು, ಕೆಲವದರಲ್ಲಿ ಸೀಸ. ಲೇತಲ್ಲಿ ಬೆಣ್ಣೆ ಥರ ಬರುತ್ತೆ, ಹೊಳಪು ಹಿತ್ತಾಳೆಯಷ್ಟು ಹಳದಿ ಅಲ್ಲ, ಸ್ವಲ್ಪ ಕೆಂಪು, ತಿಂಗಳು ಕಳೆದ್ರೆ ಕಂದು. ಮತ್ತೆ ಮುಖ್ಯವಾಗಿ, ಅದು ಆಗಲೇ ಬಳೆ. ನಮಗೆ ಬೇಕಾಗಿರೋದೂ ಬಳೆಯೇ. ಹೊರಗಿನ ಅಳತೆ 40 ಎಂಎಂ ಹತ್ತಿರ ಇರೋ ಬುಷ್ ಹುಡುಕಿ, ಹೊರಮೈ ಕೆತ್ತಿ 35, 36ಕ್ಕೆ ತನ್ನಿ, 1950, 60ರ ಗಂಡಸರ ವಾಚುಗಳೆಲ್ಲ ಹೆಚ್ಚುಕಮ್ಮಿ 33ರಿಂದ 36 ಎಂಎಂ ಒಳಗೇ ಇದ್ದಿದ್ದು, ಜನತಾ ಕೂಡ 35ರ ಆಸುಪಾಸು. 42 ಎಂಎಂ ತಟ್ಟೆ ಕಟ್ಕೊಂಡು ಅದನ್ನ ವಿಂಟೇಜ್ ಅನ್ನಬೇಡಿ.

ಇಲ್ಲಿ ಒಂದು ಸಮಸ್ಯೆ ಬರುತ್ತೆ, ಆ ಸಮಸ್ಯೆಯೇ ನನ್ನ ವಾಚಿನ ಡಿಸೈನ್ ಮಾಡಿದ್ದು. ಬುಷ್ಷಿನಲ್ಲಿ ಬೆಲ್ಟ್ ಕಟ್ಟೋಕೆ ಕೊಂಬು ಇಲ್ಲ. ದಿಮ್ಮಿಯಿಂದ ಕೆತ್ತಿದ್ರೆ ಕೊಂಬನ್ನೂ ಜೊತೆಗೇ ಕೆತ್ತಬಹುದು, ಬಳೆಯಿಂದ ಆಗಲ್ಲ. ಹಾಗಾದ್ರೆ ತಂತಿ ಬಗ್ಗಿಸಿ ಎರಡು ಕಡೆ ಬೆಳ್ಳಿ ಬೆಸುಗೆ ಹಾಕ್ಬೇಕು. ಹಾಗೆ ಮಾಡಿದ ವಾಚ್ ನೋಡೋಕೆ ಹೇಗಿರುತ್ತೆ? ಮೊದಲನೇ ಮಹಾಯುದ್ಧದ ಟ್ರೆಂಚ್ ವಾಚ್ ಥರ ಇರುತ್ತೆ! ಅವರೂ ಅದನ್ನೇ ಮಾಡಿದ್ದು. ಅಲ್ಲಿವರೆಗೂ ಕೈಗಡಿಯಾರ ಹೆಂಗಸರ ಒಡವೆ, ಗಂಡಸರು ಜೇಬಿನ ಗಡಿಯಾರ ಇಟ್ಕೊತಿದ್ರು, 1914ರಿಂದ 18ರ ಯುದ್ಧದಲ್ಲಿ ಕಂದಕದಲ್ಲಿ ಕೂತವನಿಗೆ ಜೇಬಿಂದ ಗಡಿಯಾರ ತೆಗೆದು ನೋಡೋಕೆ ಪುರುಸೊತ್ತೆಲ್ಲಿ, ಹಾಗಾಗಿ ಚಿಕ್ಕ ಜೇಬುಗಡಿಯಾರದಂಥ ಗುಂಡು ಕೇಸಿಗೆ ತಂತಿ ಬೆಸೆದು ಕೈಗೆ ಕಟ್ಟಿದ್ರು. ಅಂದ್ರೆ ನಾನು ಯಾವ ಕಾಲದ ವಾಚಿನ ಥರ ಮಾಡ್ಬೇಕು ಅಂತ ಪುಸ್ತಕ ನೋಡಿ ಆರಿಸ್ಲಿಲ್ಲ, ರಿವೈಂಡಿಂಗ್ ಅಂಗಡಿಯ ಬಕೆಟ್ಟು ಆರಿಸ್ತು. ಅವರ ವಾಚುಗಳಲ್ಲಿ ಸಾಮಾನ್ಯವಾಗಿ ಸೆಕೆಂಡ್ ಮುಳ್ಳು ಕೆಳಗೆ ಆರರ ಹತ್ತಿರ ಚಿಕ್ಕದಾಗಿ ಇರುತ್ತೆ, ನನ್ನದರಲ್ಲಿ ಮಧ್ಯದಲ್ಲಿದೆ, ಯಾಕಂದ್ರೆ ಎಚ್‌ಎಂಟಿ ಮಿಷನ್ ಹಾಗಿದೆ. ಶುದ್ಧವಾದಿಗಳು ಬೈಯ್ತಾರೆ, ಬೈಯ್ಲಿ.

ತಂತಿ ಕೊಂಬು ಬಂತು ಅಂದ್ರೆ ಬೆಲ್ಟೂ ತೀರ್ಮಾನ ಆಯ್ತು. ಬೆಲ್ಟ್ ಬಿಚ್ಚಿ ಹಾಕೋಕೆ ಕೊಂಬುಗಳ ನಡುವೆ ಕೂರೋ ಸ್ಪ್ರಿಂಗ್ ಬಾರ್ ಕಡ್ಡಿ ಇಲ್ಲ, ಮಾಮೂಲಿ ಎರಡು ತುಂಡಿನ ಬೆಲ್ಟ್ ಹಾಕಕ್ಕಾಗಲ್ಲ, ವಾಚಿನ ಹಿಂದೆ ಹಾದುಹೋಗೋ ಒಂದೇ ಪಟ್ಟಿಯ ಬೆಲ್ಟೇ ಬೇಕು. ಹಳೇ ಲೆದರ್ ಬ್ಯಾಗಿನ ಹಿಡಿಕೆ, ಸೊಂಟದ ಬೆಲ್ಟು, ಚಪ್ಪಲಿ ಹೊಲಿಯೋರ ಹತ್ತಿರ ಅರ್ಧ ಗಂಟೆ ಕೆಲಸ. ಇನ್ನೂ ಒಂದು ಲಾಭ, ಗನ್‌ಮೆಟಲ್ ಚರ್ಮಕ್ಕೆ ಹಸಿರು ಬಳಿಯುತ್ತೆ, ಸೀಸ ಇರೋದಾದ್ರೆ ಚರ್ಮಕ್ಕೆ ತಾಗದೆ ಇರೋದೇ ಒಳ್ಳೇದು, ಮಧ್ಯೆ ಲೆದರ್ ಬಂದ್ರೆ ಎರಡೂ ತಪ್ಪಿತು. ಹಿಂದಿನ ಮುಚ್ಚಳವನ್ನಂತೂ ಸ್ಟೀಲಲ್ಲೇ ಮಾಡಿ.

ಕೇಸ್ ಕೆತ್ತೋವಾಗ ಒಂದೇ ಒಂದು ಅಳತೆ ತಪ್ಪಬಾರದು, ಕೀ ಕಡ್ಡಿ ಹೋಗೋ ತೂತಿನ ಎತ್ತರ. ಡಯಲ್ ಕೂರೋ ಮೆಟ್ಟಿಲಿನಿಂದ ಅಳೀಬೇಕು, ಮಿಷನ್ನನ್ನ ಕೈಯಲ್ಲಿ ಹಿಡಿದು ವರ್ನಿಯರಲ್ಲಿ ಅಳೀರಿ, ನೆಟ್ಟಲ್ಲಿ ಯಾರೋ ಹಾಕಿರೋ ನಂಬರ್ ನೋಡಿ ತೂತು ಕೊರೀಬೇಡಿ. ಹತ್ತನೇ ಒಂದು ಎಂಎಂ ಮೇಲೆ ಕೆಳಗೆ ಆದ್ರೆ ಕಡ್ಡಿ ಉಜ್ಜುತ್ತೆ, ಕೀ ಕೊಡೋವಾಗ ಮರಳು ಸಿಕ್ಕಿದ ಹಾಗೆ ಅನ್ಸುತ್ತೆ, ದಿನಾ ಉಜ್ಜಿ ಉಜ್ಜಿ ಕಡ್ಡಿ ಸವೆಯುತ್ತೆ.

ಈಗ ಡಯಲ್ಲು. ಇಲ್ಲಿ ಸ್ವಲ್ಪ ನಿಧಾನ ಹೋಗ್ತೀನಿ.

ಡಯಲ್ ದಪ್ಪ ಸಾಮಾನ್ಯವಾಗಿ 0.4 ಎಂಎಂ. ಯಾಕೆ ಅಷ್ಟು ತೆಳ್ಳಗೆ ಅಂದ್ರೆ, ಮಿಷನ್ ಮಧ್ಯದಿಂದ ಮೇಲೆ ಬರೋ ಕೊಳವೆಗಳಿಗೆ ಮುಳ್ಳು ಚುಚ್ಚಬೇಕಲ್ಲ, ಆ ಕೊಳವೆ ಎತ್ತರ ಫ್ಯಾಕ್ಟರಿಯಲ್ಲೇ ತೀರ್ಮಾನ ಆಗಿದೆ. ಡಯಲ್ ದಪ್ಪ ಆದ್ರೆ ಗಂಟೆ ಮುಳ್ಳಿಗೆ ಹಿಡ್ಕೊಳ್ಳೋಕೆ ಜಾಗವೇ ಇರಲ್ಲ. ಚೆನ್ನಾಗಿದೆ ಅಂತ ಮರದ ತುಂಡು ಹಾಕೋರು ಇಲ್ಲೇ ಸಿಕ್ಕಿಹಾಕ್ಕೊಳ್ಳೋದು. ಮರ 0.4ಕ್ಕೆ ತಂದ್ರೆ ಮಳೆಗಾಲದಲ್ಲಿ ಬಗ್ಗುತ್ತೆ, ರೆಸಿನ್ ಕುಡಿಸಿ ಗಟ್ಟಿ ಮಾಡಿ ಹಿಂದೆ ತೆಳು ಹಿತ್ತಾಳೆ ಅಂಟಿಸ್ಬೇಕು, ಕೆಲವು ಮರಗಳು, ಓಕ್ ಮುಖ್ಯವಾಗಿ, ಅಸಿಟಿಕ್ ಆಸಿಡ್ ಆವಿ ಬಿಡ್ತವೆ, ಮುಚ್ಚಿದ ಕೇಸಿನೊಳಗೆ ಅದು ಲೋಹಕ್ಕೆ ಒಳ್ಳೇದಲ್ಲ. ನಾನು ಮರದ ಸಹವಾಸ ಬಿಟ್ಟಿದೀನಿ.

ನಾನು ತಗೊಂಡಿದ್ದು ಹಂಡೆ ತಗಡು. ತಳ ಒಡೆದ ಹಿತ್ತಾಳೆ ಹಂಡೆ ಗುಜರಿಯಲ್ಲಿ ತೂಕಕ್ಕೆ ಸಿಗುತ್ತೆ. ಭುಜದ ಹತ್ತಿರದ ಭಾಗದಲ್ಲಿ ಸುತ್ತಿಗೆ ಏಟಿನ ಗುರುತು ಸಾಲಾಗಿ ಇರುತ್ತೆ, ವರ್ಷಾನುಗಟ್ಟಲೆ ಹುಣಸೆಹಣ್ಣು ಹಾಕಿ ತಿಕ್ಕಿದ್ದಕ್ಕೆ ಆ ಗುರುತು ಅರ್ಧ ಸವೆದು, ಬೆಳಕಿಗೆ ಹಿಡಿದ್ರೆ ಮಾತ್ರ ಕಾಣೋ ಹಾಗೆ ಆಗಿರುತ್ತೆ. ಯಾವ ಕಂಪನಿ ಡಯಲ್ಲಿಗೂ ಈ ಮೈ ಬರಲ್ಲ. ತುಂಡು ಕತ್ತರಿಸಿದ್ರೆ ಅದು ಬಾಗಿರುತ್ತೆ, ಸುತ್ತಿಗೆ ಏಟು ತಿಂದು ತಿಂದು ಗಟ್ಟಿಯೂ ಆಗಿರುತ್ತೆ, ಹಾಗೇ ತಟ್ಟಿ ಸಪಾಟು ಮಾಡೋಕೆ ಹೋದ್ರೆ ಸೀಳುತ್ತೆ. ಮಂಕು ಕೆಂಪು ಬಣ್ಣ ಬರೋವರೆಗೂ ಕಾಯಿಸಿ ಆರಿಸಿ, ಆಗ ಮೆತ್ತಗಾಗುತ್ತೆ, ಎರಡು ಮರದ ಹಲಗೆ ನಡುವೆ ವೈಸಲ್ಲಿ ಒತ್ತಿದ್ರೆ ಸಪಾಟು. ಕಾಯಿಸಿದಾಗ ಮೈ ಕಪ್ಪಾಗುತ್ತೆ, ಹುಣಸೆಹಣ್ಣಿಗೆ ಮತ್ತೆ ಕೆಲಸ.

ಅಂಕಿ ಹಾಕೋದು ಹೇಗೆ? ಟ್ರೋಫಿ ಅಂಗಡಿಯಲ್ಲಿ ಲೇಸರ್ ಇದೆ, ಎರಡು ನಿಮಿಷದ ಕೆಲಸ, ಅಚ್ಚುಕಟ್ಟಾಗಿ ಬರುತ್ತೆ. ಅಚ್ಚುಕಟ್ಟು ಜಾಸ್ತಿ ಆಗಿ ಹಂಡೆ ಸತ್ತೋಗುತ್ತೆ. ಪಾತ್ರೆ ಅಂಗಡಿ ಮುಂದೆ ಪಾತ್ರೆಗೆ ಹೆಸರು ಹಾಕೋರು ಕೂತಿರ್ತಾರಲ್ಲ, ಗುರ್ ಅನ್ನೋ ಪುಟ್ಟ ಮಿಷನ್ ಹಿಡ್ಕೊಂಡು ಚುಕ್ಕಿ ಚುಕ್ಕಿಯಾಗಿ ಇಸವಿ ಸಮೇತ ಹೆಸರು ಬರೆಯೋರು, ನಮ್ಮ ಮನೆಗಳ ಒಂದೊಂದು ತಟ್ಟೆ ಲೋಟದ ಮೇಲೂ ಇರುತ್ತಲ್ಲ. ನನ್ನ ಡಯಲ್ ಅಂಕಿ ಹಾಕಿಸಿದ್ದು ಅಂಥವರೊಬ್ಬರ ಹತ್ತಿರ. ಲೋಟ ಕೊಡಿ ಅಂದ್ರು, ಲೋಟ ಅಲ್ಲ ಯಜಮಾನ್ರೇ, ಈ ಬಿಲ್ಲೆ ಮೇಲೆ ಅಂದೆ, ತಿರುಗಿಸಿ ಮುರುಗಿಸಿ ನೋಡಿ, "ಇಷ್ಟು ಚಿಕ್ಕದರ ಮೇಲೆ ಹನ್ನೆರಡೂ ಬರೆದ್ರೆ ಗಲೀಜಾಗುತ್ತೆ, ನಾಕೇ ಹಾಕ್ಸಿ" ಅಂದ್ರು. ನೂರು ಡಯಲ್ ಡಿಸೈನರ್‌ಗಳು ಹೇಳೋ ಮಾತು ಅದು. ಹಾಗಾಗಿ ೧೨, ೩, ೬, ೯ ಮಾತ್ರ, ಉಳಿದ ಕಡೆ ಒಂದೊಂದು ಚುಕ್ಕಿ. ಕನ್ನಡದ ೬ ಮತ್ತೆ ೯ ಚಿಕ್ಕದಾಗಿ ಬರೆದಾಗ ಒಂದನ್ನೊಂದು ಹೋಲ್ತವೆ, ಆದ್ರೆ ಡಯಲ್ ಮೇಲೆ ಯಾರೂ ಅಂಕಿ ಓದಲ್ಲ, ಜಾಗ ನೋಡ್ತಾರೆ, ಹಾಗಾಗಿ ಗೊಂದಲ ಇಲ್ಲ.

ಕ್ರಮ ಗಮನಿಸಿ, ಮೊದಲು ಚುಕ್ಕಿ ಹೊಡೆಸ್ಬೇಕು, ಆಮೇಲೆ ತೆಳ್ಳಗೆ ಮಾಡ್ಬೇಕು. 0.4 ತಗಡಿನ ಮೇಲೆ ಚುಕ್ಕಿ ಹೊಡೆದ್ರೆ ಹಿಂದೆ ಗುಬುಟು ಏಳುತ್ತೆ. ದಪ್ಪ ಇರೋವಾಗ ಹೊಡೆಸಿ, ಗಾಜಿನ ಮೇಲೆ ಎಮರಿ ಹಾಳೆ ಅಂಟಿಸಿ, ಡಯಲ್ಲಿನ ಬೆನ್ನನ್ನ ಅದರ ಮೇಲೆ ಎಂಟರ ಆಕಾರದಲ್ಲಿ ಉಜ್ಜುತ್ತಾ, ಆಗಾಗ ಮೈಕ್ರೋಮೀಟರಲ್ಲಿ ನಾಲ್ಕು ಕಡೆ ಅಳೀತಾ ಇಳಿಸ್ಬೇಕು. ಮುಂದಿನ ಮೈ ಮುಟ್ಟೋ ಹಾಗಿಲ್ಲ, ಸುತ್ತಿಗೆ ಗುರುತು ಅಲ್ಲಿರೋದು. ಚುಕ್ಕಿಯ ಸುತ್ತ ಚಿಕ್ಕ ಅಂಚು ಎದ್ದಿರುತ್ತೆ, ಅದನ್ನ ಮಾತ್ರ ಬೆರಳಿಗೆ ಸಿಗದ ಹಾಗೆ ಸವರಿ. ಕೊನೆಗೆ ತೆಳ್ಳಗೆ ಮೇಣ ಸವರಿದ್ರೆ ಕಪ್ಪಾಗೋದು ನಿಧಾನ ಆಗುತ್ತೆ.

ಮಾಮೂಲಿ ಡಯಲ್ ಹಿಂದೆ ಎರಡು ಪುಟ್ಟ ಕಾಲು ಇರ್ತವೆ, ಮಿಷನ್ನಿನ ತೂತಿಗೆ ಕೂತು ಪಕ್ಕದ ಸ್ಕ್ರೂ ಹಿಡ್ಕೊಳ್ಳುತ್ತೆ. ಬೆಸುಗೆ ಹಾಕಿ ಕಾಲು ನಿಲ್ಲಿಸಬಹುದು, ಆದ್ರೆ ಬಿಸಿಗೆ ಮುಂದಿನ ಮೈ ಬಣ್ಣ ತಿರುಗುತ್ತೆ. ಕೇಸ್ ನಮ್ಮದೇ ಆದ್ದರಿಂದ ಕಾಲೇ ಬೇಡ ಅಂತ ಬಿಟ್ಟೆ. ಹನ್ನೆರಡರ ಹತ್ತಿರ ಡಯಲ್ ಅಂಚಿಗೆ ಒಂದು ಚಿಕ್ಕ ಕಚ್ಚು, ಕೇಸಿನ ಮೆಟ್ಟಿಲಲ್ಲಿ ಅದಕ್ಕೆ ಸರಿಯಾಗಿ ಒಂದು ಪಿನ್ನು, ಹಿಂದಿನಿಂದ ಮಿಷನ್ ಒತ್ತಿ ಹಿಡಿಯುತ್ತೆ, ತಿರುಗಲ್ಲ.

ಡಯಲ್ ಮಾತಾಡ್ತಾ ಇರೋವಾಗ ಒಂದು ಎಚ್ಚರಿಕೆ ಹೇಳಲೇಬೇಕು. ಎಚ್‌ಎಂಟಿ ಬರೋದಕ್ಕೆ ಮುಂಚಿನ ಇಂಪೋರ್ಟೆಡ್ ವಾಚುಗಳು, ಮಿಲಿಟರಿ ವಾಚುಗಳು ಸಂತೆಯಲ್ಲಿ ಸಿಗ್ತವೆ, ಅಂಕಿ ಮೇಲೆ, ಮುಳ್ಳಿನ ಮೇಲೆ ಸುಟ್ಟ ಬೆಲ್ಲದ ಬಣ್ಣದ ಲೇಪ ಇರುತ್ತೆ. ಅದು ರೇಡಿಯಂ, ಅಂದ್ರೆ ವಿಕಿರಣ ಸೂಸೋ ಲೋಹ, ಆಗಿರಬಹುದು. ಈಗ ಕತ್ತಲಲ್ಲಿ ಹೊಳೆಯಲ್ಲ, ಹಾಗಾಗಿ ಸತ್ತೋಗಿದೆ ಅನ್ಕೋತೀರಿ, ಸತ್ತಿರೋದು ಹೊಳೆಯೋ ಪುಡಿ, ರೇಡಿಯಂ ಅಲ್ಲ, ಅದರ ಅರ್ಧಾಯುಷ್ಯ, ಅಂದ್ರೆ ಅರ್ಧಕ್ಕೆ ಇಳಿಯೋಕೆ ಬೇಕಾದ ಕಾಲ, 1,600 ವರ್ಷ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಈ ಬಣ್ಣ ಬಳಿಯೋ ಹುಡುಗಿಯರು ಕುಂಚದ ತುದಿಯನ್ನ ತುಟಿಗೆ ಇಟ್ಟು ಚೂಪು ಮಾಡ್ತಿದ್ರು, ಅವರಲ್ಲಿ ಹಲವರು ದವಡೆ ಮೂಳೆ ಕೊಳೆತು ಸತ್ತರು. ಅಂಥ ಡಯಲ್ ಕೆರೀಬೇಡಿ, ಉಜ್ಜಬೇಡಿ, ಅದರ ಧೂಳು ಮೂಗಿಗೆ ಹೋಗೋದೇ ಅಪಾಯ. ಡಯಲ್ ಕೆಳಗೆ ಸ್ವಿಸ್ ಅನ್ನೋದರ ಎರಡು ಬದಿ ಟಿ ಅಕ್ಷರ ಇದ್ರೆ ಅದು ಟ್ರಿಟಿಯಂ, ಇದೂ ವಿಕಿರಣ ಸೂಸೋದೇ, ಅರ್ಧಾಯುಷ್ಯ 12 ವರ್ಷ ಚಿಲ್ಲರೆ, ಅಷ್ಟು ಭಯಂಕರ ಅಲ್ಲ, ಆದ್ರೂ ಕೆರೆಯೋ ಅವಶ್ಯಕತೆ ಏನಿದೆ. ಇದೊಂದು ಜಾಗದಲ್ಲಿ ಹಳೇ ಸಾಮಾನು ಬೇಡವೇ ಬೇಡ.

ಮುಳ್ಳು ಬೇಗ ಹೇಳ್ಬಿಡ್ತೀನಿ. ಎಚ್‌ಎಂಟಿ ಮುಳ್ಳುಗಳು ಹೆಚ್ಚಾಗಿ ಲೇಪ ಹಾಕಿದ ಹಿತ್ತಾಳೆ, ಕಾಯಿಸಿದ್ರೆ ನೀಲಿ ಬರಲ್ಲ. ನೀಲಿ ಮುಳ್ಳು ಬೇಕು ಅಂದ್ರೆ ಉಕ್ಕು ಬೇಕು. ಹಳೇ ಅಲಾರಂ ಟೈಮ್‌ಪೀಸಿನ ಸ್ಪ್ರಿಂಗ್ ಅಗಲವಾಗಿರುತ್ತೆ, ಕಾರ್ಬನ್ ಸ್ಟೀಲು, ಬಿಚ್ಚೋವಾಗ ಗ್ಲೌಸ್ ಹಾಕ್ಕೊಳ್ಳಿ, ಸುತ್ತು ಬಿಟ್ಟುಕೊಂಡ್ರೆ ಕೈ ಸೀಳುತ್ತೆ. ಕೆಂಪಗೆ ಕಾಯಿಸಿ ನಿಧಾನ ಆರಿಸಿ ಮೆತ್ತಗೆ ಮಾಡಿ, ಒಡವೆ ಮಾಡೋರ ಗರಗಸದಲ್ಲಿ ಕತ್ತರಿಸಿ, ಅರ ಹಾಕಿ, ಕನ್ನಡಿ ಥರ ಪಾಲಿಶ್ ಮಾಡಿ, ಹಿತ್ತಾಳೆ ಪುಡಿ ಹಾಸಿದ ತಟ್ಟೆ ಮೇಲಿಟ್ಟು ಕೆಳಗಿನಿಂದ ಸಣ್ಣ ಉರಿ. ಮೊದಲು ಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, 290, 300 ಡಿಗ್ರಿ ಹತ್ತಿರ ನೀಲಿ. ನೇರಳೆ ಬಂದಾಗ ಚಿಮಟ ಕೈಯಲ್ಲಿರ್ಲಿ, ನೀಲಿ ಬಂದ ತಕ್ಷಣ ಎತ್ತಿ, ತಡ ಮಾಡಿದ್ರೆ ಬೂದಿ ಬಣ್ಣಕ್ಕೆ ಹೋಗಿಬಿಡುತ್ತೆ, ಮತ್ತೆ ಪಾಲಿಶ್‌ನಿಂದ ಶುರು.

ದೊಡ್ಡ ಕಂಪನಿಗಳು ಈ ಹಳೇ ಸಾಮಾನಿನ ಆಟ ಹೇಗೆ ಆಡ್ತಾರೆ ಅಂತ ಸ್ವಲ್ಪ ನೋಡೋಣ. ಇಂಗ್ಲೆಂಡಿನ ಬ್ರೆಮಾಂಟ್ ಕಂಪನಿ ಅಲ್ಲಿನ ನೌಕಾಪಡೆಯ ನಾಯಕ ನೆಲ್ಸನ್ನನ ಎಚ್‌ಎಂಎಸ್ ವಿಕ್ಟರಿ ಹಡಗಿನ ಓಕ್ ಮರ, ತಾಮ್ರ ಹಾಕಿ ವಾಚ್ ಮಾಡ್ತು, ಡೆನ್ಮಾರ್ಕಿನ ಆರ್‌ಇಸಿ ಹಳೇ ಮಿನಿ ಕೂಪರ್ ಕಾರುಗಳ ತಗಡು ಡಯಲ್ಲಿಗೆ ಹಾಕ್ತು, ನಮ್ಮ ಬೆಂಗಳೂರು ವಾಚ್ ಕಂಪನಿಯವರು ನಿವೃತ್ತ ಮಿಗ್-21 ವಿಮಾನದ ಲೋಹ ಬಳಸಿದ್ರು, ಜೈಪುರ ವಾಚ್ ಕಂಪನಿ ಹಳೇ ನಾಣ್ಯವನ್ನೇ ಡಯಲ್ ಮಾಡ್ತಾರೆ. ಇದು ಒಂದು ಜಾತಿ, ಹಳೇ ವಸ್ತುವಿನ ಒಂದು ಚೂರು ಗುರುತು ಸಿಗೋ ಹಾಗೆ ಉಳಿಸೋದು. ಇನ್ನೊಂದು ಜಾತಿ, 2021ರಲ್ಲಿ ಪನೆರಾಯ್ ಇಲ್ಯಾಬ್-ಐಡಿ ಅಂತ ಒಂದು ಡೈವಿಂಗ್ ವಾಚ್ ತೋರಿಸ್ತು, ತೂಕದಲ್ಲಿ 98.6% ಮರುಬಳಕೆ ಮಾಡಿದ ಅಂಶ ಇರೋ ವಸ್ತು, ಕೇಸ್ ವಿಮಾನ ಉದ್ಯಮದ ಟೈಟಾನಿಯಂ ಚೂರು ಕರಗಿಸಿ ಮಾಡಿದ್ದು. ಆದ್ರೆ ನೋಡಿದ್ರೆ ಯಾವುದೂ ಹಳೇದು ಅಂತ ಗೊತ್ತಾಗಲ್ಲ, ಎಲ್ಲ ಕರಗಿ ಹೊಸದಾಗಿದೆ. ಪರಿಸರದ ಲೆಕ್ಕಕ್ಕೆ ಎರಡನೇದೇ ದೊಡ್ಡದು, ಒಪ್ತೀನಿ. ಮೊದಲನೇ ಜಾತಿಯಲ್ಲಿ ನನಗೆ ಒಂದು ಕಿರಿಕಿರಿ ಇದೆ, ಉಗುರಿನಷ್ಟು ಹಳೇ ಚೂರು ಹಾಕಿ ಉಳಿದಿದ್ದೆಲ್ಲ ಹೊಸದು, ಬೆಲೆ ಮಾತ್ರ ಆ ಚೂರಿನದ್ದು. ನಾವು ಒಬ್ಬೊಬ್ಬರೇ ಮಾಡೋರು ಎರಡರ ನಡುವೆ ಇರಬಹುದು, ಕರಗಿಸೋದು ಬೇಡ, ಚೂರು ಅಂಟಿಸೋದೂ ಬೇಡ, ಬುಷ್ಷು ಬುಷ್ಷಾಗಿದ್ದಿದ್ದರಿಂದಲೇ ಕೇಸ್ ಹಾಗಾಯ್ತು ಅನ್ನೋ ಹಾಗೆ.

ಕೊನೇ ವಿಷಯ, ಹೆಸರು. ಡಯಲ್ ಮೇಲೆ ಏನು ಬರೀಬೇಕು? ಆನ್‌ಲೈನಲ್ಲಿ ನೋಡಿದೀರಿ, ಹಳೇ ಮಿಷನ್ನಿಗೆ ಕಡು ನೀಲಿ, ಕಡು ಕಿತ್ತಳೆ ಡಯಲ್ ಹೊಸದಾಗಿ ಪ್ರಿಂಟ್ ಮಾಡಿ ಎಚ್‌ಎಂಟಿ ಅಂತ ಬರೆದು "ಅಪರೂಪದ ವಿಂಟೇಜ್" ಅಂತ ಮಾರ್ತಾರೆ, ಕಂಪನಿ ಆ ಡಯಲ್ ಮಾಡೇ ಇರಲ್ಲ. ಹಳೇ ಸಾಮಾನು ಬಳಸೋದಕ್ಕೂ ಹಳೇದು ಅಂತ ಸುಳ್ಳು ಹೇಳೋದಕ್ಕೂ ವ್ಯತ್ಯಾಸ ಇದೆ. ಅಮೆರಿಕದಲ್ಲಿ ಇದರ ಮೇಲೆ ಒಂದು ಕೋರ್ಟ್ ಕೇಸೇ ನಡೆದಿದೆ. ಕೊಲರಾಡೋದ ವೋರ್ಟಿಕ್ ಅನ್ನೋ ಚಿಕ್ಕ ಕಂಪನಿ ನೂರು ವರ್ಷ ಹಳೇ ಅಮೆರಿಕನ್ ಜೇಬುಗಡಿಯಾರಗಳ ಮಿಷನ್, ಡಯಲ್ ತಗೊಂಡು, ಹೊಸ ಕೇಸ್ ಹಾಕಿ ಕೈಗೆ ಕಟ್ಟೋ ವಾಚ್ ಮಾಡುತ್ತೆ. ಹ್ಯಾಮಿಲ್ಟನ್ ಗಡಿಯಾರದಿಂದ ಮಾಡಿದ ಒಂದು ಮಾಡೆಲ್ಲಿಗೆ ಲ್ಯಾಂಕಾಸ್ಟರ್ ಅಂತ ಹೆಸರಿಟ್ರು, ಹ್ಯಾಮಿಲ್ಟನ್ ಫ್ಯಾಕ್ಟರಿ ಇದ್ದ ಊರು ಅದು. ಈಗ ಸ್ವಾಚ್ ಗ್ರೂಪಿನ ಕೈಲಿರೋ ಹ್ಯಾಮಿಲ್ಟನ್ ಕೋರ್ಟಿಗೆ ಹೋಯ್ತು, ನಮ್ಮ ಹೆಸರು ಅದರ ಮೇಲಿದೆ, ಜನ ನಮ್ಮದೇ ಅನ್ಕೋತಾರೆ ಅಂತ. 2020ರಲ್ಲಿ ವೋರ್ಟಿಕ್ ಗೆದ್ತು, 2021ರಲ್ಲಿ ಅಪೀಲಲ್ಲೂ ಗೆದ್ತು. ಕಾರಣ, ಯಾವುದು ಹಳೇದು, ಯಾವುದು ನಾವು ಮಾಡಿದ್ದು ಅಂತ ಅವರು ಮುಚ್ಚುಮರೆ ಇಲ್ಲದೆ ಹೇಳಿದ್ರು. ಅದಕ್ಕೆ ಆಧಾರ 1947ರ ಒಂದು ಸುಪ್ರೀಂ ಕೋರ್ಟ್ ತೀರ್ಪು, ರಿಪೇರಿ ಮಾಡಿದ ಚಾಂಪಿಯನ್ ಸ್ಪಾರ್ಕ್ ಪ್ಲಗ್ ಮಾರೋರ ಮೇಲಿನ ಕೇಸು, ರಿಪೇರಿ ಮಾಡಿದ್ದು ಅಂತ ಸ್ಪಷ್ಟವಾಗಿ ಬರೆದು ಮಾರಿದ್ರೆ ಮೂಲ ಹೆಸರು ಇರಬಹುದು ಅಂತ. ಅದು ಅಲ್ಲಿನ ಕಾನೂನು, ನೀವು ಇಲ್ಲಿ ಮಾರಾಟಕ್ಕೆ ಇಳಿಯೋ ಹಾಗಿದ್ರೆ ವಕೀಲರನ್ನ ಕೇಳಿ. ನಾನು ಮಾಡೋದು ಇಷ್ಟು, ಡಯಲ್ ಮೇಲೆ ಯಾವ ಹೆಸರೂ ಇಲ್ಲ, ಮಿಷನ್ ಮೇಲೆ ಎಚ್‌ಎಂಟಿ ಗುರುತು ಇದ್ದ ಹಾಗೇ ಇರುತ್ತೆ, ಹಿಂದಿನ ಮುಚ್ಚಳದ ಒಳಮೈಯಲ್ಲಿ ಆ ಹೆಸರು ಹಾಕೋರಿಂದಲೇ ಬರೆಸಿರ್ತೀನಿ: ಮಿಷನ್ ಎಚ್‌ಎಂಟಿ, ಕೇಸ್ ಪಂಪ್ ಬುಷ್, ಡಯಲ್ ಹಂಡೆ, ಸ್ಪ್ರಿಂಗ್ ಗ್ಲಾಸ್ ಹೊಸದು. ಮುಂದೆ ಯಾರಾದ್ರೂ ರಿಪೇರಿಯವರು ಬಿಚ್ಚಿದಾಗ ತಲೆ ಕೆರ್ಕೋಬಾರದು ನೋಡಿ.

ಹಿಂದಿನ ಸಾಲಲ್ಲಿ ಒಬ್ಬರು ಆಗಲೇ ಕೈ ಎತ್ತಿದ್ರು, ಇಷ್ಟೆಲ್ಲ ಮಾಡಿ ಟೈಮ್ ಸರಿ ತೋರಿಸುತ್ತಾ ಅಂತ. ಡಯಲ್ ಮೇಲೆ, ಡಯಲ್ ಕೆಳಗೆ, ಕೀ ಕೆಳಗೆ, ಹೀಗೆ ಬೇರೆ ಬೇರೆ ಭಂಗಿಯಲ್ಲಿ ಇಟ್ಟು ಹೊಂದಿಸಿದ್ರೆ ದಿನಕ್ಕೆ ಅರ್ಧ ನಿಮಿಷದೊಳಗೆ ತರಬಹುದು, ಮಿಷನ್ ಚೆನ್ನಾಗಿದ್ರೆ ಇನ್ನೂ ಕಡಿಮೆ. ಒಂದೇ ಸಮಯಕ್ಕೆ, ಬೆಳಿಗ್ಗೆ ಕಾಫಿ ಹೊತ್ತಿಗೆ ಅಂತಿಟ್ಕೊಳ್ಳಿ, ದಿನಾ ಪೂರ್ತಿ ಕೀ ಕೊಡಿ, ತಡೆದ ಕೂಡಲೇ ನಿಲ್ಲಿಸಿ, ಆಗ ಹೆಚ್ಚುಕಮ್ಮಿ ಒಂದೇ ಲೆಕ್ಕದಲ್ಲಿ ನಡೆಯುತ್ತೆ. ಮಳೇಲಿ ಕಟ್ಕೊಂಡು ಹೋಗಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತೆ, ಬೇಡ, ಕೈ ತೊಳೆಯೋವಾಗ ಹನಿ ಬಿದ್ರೆ ಪರವಾಗಿಲ್ಲ ಅಷ್ಟೇ. ಇಲ್ಲಿ ಟೇಬಲ್ ಮೇಲೆ ಒಂದು ಬುಷ್ಷು, ಅರ್ಧ ಕೆತ್ತಿದ ಕೇಸು, ಮುಗಿದಿರೋ ಒಂದು ವಾಚು ಇಟ್ಟಿದೀನಿ, ಬಂದು ಕೈಯಲ್ಲಿ ಹಿಡಿದು ನೋಡಿ. ಮುಚ್ಚಳ ತೆಗೆದಿರೋ ಮಿಷನ್ ಹತ್ತಿರ ಮಾತ್ರ ಬಗ್ಗಿ ಮಾತಾಡಬೇಡಿ, ಉಗುಳು ಹಾರುತ್ತೆ.